ಬಾವಲಿಗೆ ಬಾರದ ಬೆಲೆ

ಇಂದ್ರಮ್ಮನ ಸಿಟ್ಟು ಬಾವಲಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಗಡಿಯ ಹೊಳೆಯಾಚೆ ಮಚ್ಚೂರಿನಲ್ಲಿ ಹುಟ್ಟಿ, ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಹತ್ತೊಂಬತ್ತಕ್ಕೆ ದೇವಯ್ಯನನ್ನು ಮದುವೆಯಾಗಿ ಹೊಳೆ ದಾಟಿ ಮಲಯಾಳ ಸೀಮೆಯ ಬಾವಲಿಗೆ ಬಂದವಳು. ಈಚೆಗೆ ಬಂದ ಹೊಸದರಲ್ಲಿ ರೇಷನ್ ಅಂಗಡಿಯವನು ಅವಳಿಗೆ ಅರ್ಥವಾಗದ ಮಲಯಾಳದಲ್ಲಿ ಏನೋ ಹೇಳಿ ಸೀಮೆಎಣ್ಣೆ ಕೊಡದೆ ಕಳಿಸಿದ್ದ. ಅವತ್ತಿನಿಂದ ಅವಳು ಮಲಯಾಳ ಕಲಿತಳು. ಬಸ್ಸಿನ ಬೋರ್ಡು, ಗೋಡೆಯ ಪೋಸ್ಟರು, ಔಷಧದ ಚೀಟಿ ಹೀಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಕೂಡಿಸಿ ಕೂಡಿಸಿ ಓದಿದಳು. ಆರು ತಿಂಗಳಿಗೆ ಅದೇ ಅಂಗಡಿಯ ಮುಂದೆ ನಿಂತು ಅವನದೇ ಭಾಷೆಯಲ್ಲಿ ಅವನ ನೀರಿಳಿಸಿದ್ದಳು. ಈಗ ಅವಳಿಗೆ ಐವತ್ತೆರಡು.

ಹನ್ನೊಂದು ವರ್ಷದಿಂದ ಅವಳದು ದೋಸೆ ಹಿಟ್ಟಿನ ವ್ಯಾಪಾರ. ಮಧ್ಯಾಹ್ನ ಅಕ್ಕಿ ಉದ್ದು ನೆನೆಹಾಕಿ, ಸಂಜೆ ರುಬ್ಬಿ, ಒಂದೊಂದು ಕಿಲೋ ಪ್ಯಾಕೆಟ್ ಕಟ್ಟಿ ಫ್ರಿಜ್ಜಿನಲ್ಲಿಟ್ಟು, ಬೆಳಗಿನ ಬಸ್ಸಿಗೆ ಕಾಟ್ಟಿಕುಳಕ್ಕೆ ಒಯ್ಯುತ್ತಿದ್ದಳು. ಎರಡು ಹೋಟೆಲು, ನಾಲ್ಕು ಅಂಗಡಿ ಅವಳ ಹಿಟ್ಟನ್ನೇ ಕಾಯುತ್ತಿದ್ದವು. ಈ ವರ್ಷ ಜೂನ್ ತಿಂಗಳಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು, ಒಂದು ದಿನ ಫ್ರಿಜ್ಜಿನ ಕಂಪ್ರೆಸರ್ ಸುಟ್ಟೇಹೋಯಿತು. ಮೂರನೆಯ ದಿನ ಹೋಟೆಲಿನವರು ಹುಳಿ ಬಂದ ಹದಿನಾಲ್ಕು ಪ್ಯಾಕೆಟ್ ವಾಪಸ್ ಕಳಿಸಿದರು. ಇಂದ್ರಮ್ಮ ಅಷ್ಟನ್ನೂ ಅಂಗಳದಾಚೆ ಗುಂಡಿಗೆ ಸುರಿದಳು. ಅವತ್ತು ಅವಳ ಜೊತೆ ಮಾತಾಡುವ ಧೈರ್ಯ ದೇವಯ್ಯನಿಗೆ ಬರಲಿಲ್ಲ.

ಹೊಸ ಫ್ರಿಜ್ಜು ಬೇಕೇ ಬೇಕಾಯಿತು. ಫೋನಿನಲ್ಲಿ ಹುಡುಕಿದರೆ, ಅವಳಿಗೆ ಬೇಕಾದ ಅಳತೆಯದು ಇಪ್ಪತ್ತೊಂದೂವರೆ ಸಾವಿರಕ್ಕೆ ಸಿಗುತ್ತಿತ್ತು. ಕೊಳ್ಳಲು ಹೋಗಿ ತಮ್ಮೂರಿನ ಪಿನ್‌ಕೋಡ್ ಹಾಕಿದರೆ, ಈ ವಸ್ತುವನ್ನು ನಿಮ್ಮ ವಿಳಾಸಕ್ಕೆ ತಲುಪಿಸಲಾಗದು ಎಂದು ಕೆಂಪಕ್ಷರದಲ್ಲಿ ಬಂತು. ಬಾವಲಿಯವರಿಗೆ ಇದೇನೂ ಹೊಸದಲ್ಲ. ಸೀರೆ, ಚಪ್ಪಲಿ ಬರುತ್ತವೆ. ದೊಡ್ಡ ಸಾಮಾನು ಕಾಡಿನ ರಸ್ತೆ ದಾಟಿ ಬರುವುದಿಲ್ಲ.

ಮಾನಂದವಾಡಿಯಲ್ಲಿ ಸೋಮನ್ ಎಂಬವರದು ಮೂರು ಮಹಡಿಯ ದೊಡ್ಡ ಅಂಗಡಿ. ಟಿವಿ, ಫ್ರಿಜ್ಜು, ವಾಷಿಂಗ್ ಮೆಷಿನ್, ಎಲ್ಲ ಅಲ್ಲೇ. ಬಾಗಿಲ ಮೇಲೆ ಹಳದಿ ಬೋರ್ಡು ತೂಗಿತ್ತು: 'ಆನ್‌ಲೈನ್ ಬೆಲೆ ತೋರಿಸಿ, ಅದೇ ಬೆಲೆಗೆ ಇಲ್ಲೇ ಒಯ್ಯಿರಿ.' ಬಸ್ಸಿಳಿದ ಇಂದ್ರಮ್ಮ ಅದನ್ನು ಎರಡು ಸಲ ಓದಿ ಒಳಗೆ ಹೋದಳು. ಅವಳ ಮುಂದೆ ಬಿಳಿ ಅಂಗಿಯವರೊಬ್ಬರು ಟಿವಿ ಕೊಳ್ಳುತ್ತಿದ್ದರು. ಅವರು ಫೋನು ತೋರಿಸಿದರು, ಮ್ಯಾನೇಜರ್ ಅಜೀಶ್ ಕಣ್ಣಾಡಿಸಿದ, ಅದೇ ಬೆಲೆಗೆ ಬಿಲ್ಲು ಹರಿದುಕೊಟ್ಟ. ಯಾವ ಊರು ಎಂದೂ ಕೇಳಲಿಲ್ಲ.

ಇಂದ್ರಮ್ಮನ ಸರದಿ ಬಂದಾಗ ಅವನು ಅವಳ ಸೀರೆ ನೋಡಿದ, ಕೈಯಲ್ಲಿದ್ದ ಬಟ್ಟೆಯ ಚೀಲ ನೋಡಿದ, ಯಾವ ಊರು ಎಂದು ಕೇಳಿದ. ಬಾವಲಿ ಎಂದಳು. ಅವಳ ಫೋನನ್ನೇ ಇಸಿದುಕೊಂಡು ಬಾವಲಿಯ ಪಿನ್‌ಕೋಡ್ ಒತ್ತಿ, ಕೆಂಪಕ್ಷರವನ್ನು ಅವಳ ಕಡೆಗೆ ತಿರುಗಿಸಿ, ಅಕ್ಕ ಎಂಬರ್ಥದ ಚೇಚಿ ಸೇರಿಸಿ ಮಾತಾಡಿದ.

"ಚೇಚಿ, ನಿಮ್ಮ ಊರಿಗೆ ಅವರು ಕೊಡೋದೇ ಇಲ್ಲ. ನಿಮಗಿಲ್ಲದ ಬೆಲೆಗೆ ನಾವು ಕೊಡೋದು ಹೇಗೆ? ಇಪ್ಪತ್ತೈದು ಸಾವಿರದ ಒಂಬೈನೂರು. ಬೇಕಾದರೆ ಹೇಳಿ."

ಬೋರ್ಡಿನಲ್ಲಿ ಹಾಗೆ ಬರೆದಿಲ್ಲವಲ್ಲ ಎಂದು ಅವಳು ಕೇಳಿದಳು. ಅಜೀಶ್ ಪಕ್ಕದ ಹುಡುಗಿಯರ ಕಡೆ ನೋಡಿ ನಕ್ಕು, "ಹಾಗಾದರೆ ಕಾಯಿರಿ, ಆನೆ ಹೊತ್ತು ತಂದುಕೊಡುತ್ತೆ" ಅಂದ. ಹುಡುಗಿಯರೂ ನಕ್ಕರು. ಟಿವಿ ಕೊಂಡವರೂ ನಕ್ಕರು.

ಇಂದ್ರಮ್ಮನ ಬಾಯಿಗೆ ಬಂದದ್ದು ಪೂರಾ ಕನ್ನಡದಲ್ಲಿ ಬಂತು. ಅಲ್ಲಿ ಯಾರಿಗೂ ಅದು ತಿಳಿಯುವುದಿಲ್ಲ ಎಂದು ಹೊಳೆದದ್ದೇ ತಡ ಫೋನು ಕಿತ್ತುಕೊಂಡು ಹೊರಗೆ ಬಂದಳು. ಬಸ್ಸು ಹತ್ತಿ ಕೂತಳು. ನಾಲ್ಕು ಸಾವಿರ ಹೆಚ್ಚು ಕೊಡಬೇಕಾದದ್ದಕ್ಕಿಂತ ಆ ನಗು ಅವಳನ್ನು ಸುಡುತ್ತಿತ್ತು. ಆನೆ ಬರುವ ದಾರಿಯಲ್ಲಿ ಮನೆ ಇರುವುದು ಅವಳ ತಪ್ಪೇ? ಅದೇ ದಾರಿಯಲ್ಲಿ ದಿನಾ ನಸುಕಿಗೆ ಹಿಟ್ಟು ಹೊತ್ತು ಬರುವವಳು ಅವಳು. ಆನೆ ನಿಂತಿದ್ದ ದಿನ ಸುತ್ತು ಬಳಸಿ ಬಂದಿದ್ದಾಳೆ. ಒಂದು ದಿನವೂ ಹೋಟೆಲಿನವರಿಗೆ ನಿಮ್ಮೂರಿಗೆ ತರುವುದಿಲ್ಲ ಎಂದವಳಲ್ಲ.

ಕಾಟ್ಟಿಕುಳದಲ್ಲಿ ಇಳಿದವಳು ಸೀದಾ ಶಾಂತರಾಜುವಿನ ಅಂಗಡಿಗೆ ಹೋದಳು. ಅವನು ಪಿರಿಯಾಪಟ್ಟಣದ ಕಡೆಯಿಂದ ಬಂದು ನೆಲೆಸಿದವರ ಮಗ. ಫ್ಯಾನು, ಮಿಕ್ಸಿ, ನಾಲ್ಕೈದು ಫ್ರಿಜ್ಜು ಇಟ್ಟುಕೊಂಡಿದ್ದ ಸಣ್ಣ ಅಂಗಡಿ ಅವನದು. ಅವನ ಮೇಲೂ ಹರಿಹಾಯಲು ಅವಳು ತಯಾರಾಗಿಯೇ ಬಂದಿದ್ದಳು. ಫೋನು ಮುಂದೆ ಹಿಡಿದು, ಈ ಬೆಲೆಗೆ ನೀನಾದರೂ ಕೊಡುತ್ತೀಯಾ ಎಂದು ಕೇಳಿದಳು. ಶಾಂತರಾಜು ಡ್ರಾಯರ್ ಎಳೆದು, ತಾನು ಕೊಂಡ ಬಿಲ್ಲನ್ನೇ ತೆಗೆದು ಅವಳ ಮುಂದಿಟ್ಟ. ಅದೇ ಫ್ರಿಜ್ಜು ಅವನಿಗೇ ಇಪ್ಪತ್ತೆರಡು ಸಾವಿರದ ಮೇಲೆ ಬಿದ್ದಿತ್ತು. ಬೆಲೆಗೆ ವಿಲೆ, ಅಂಗಡಿಗೆ ಪೀಡಿಗೆ ಎನ್ನುವಷ್ಟು ಮಲಯಾಳ ಅವನ ಕನ್ನಡದಲ್ಲಿ ಬೆರೆತಿತ್ತು.

"ಅಕ್ಕ, ನಂಗೆ ಬೀಳೋ ವಿಲೆಗಿಂತ ಕಮ್ಮಿಗೆ ಫೋನಲ್ಲಿ ಮಾರ್ತಾರೆ. ನಾನೇನ್ ಮಾಡ್ಲಿ? ಸೋಮನ್ ಪೀಡಿಗೆಯೋರು ಲೋಡ್‌ಗಟ್ಲೆ ತರ್ಸ್ತಾರೆ, ಅವ್ರಿಗೆ ಗಿಟ್ಟುತ್ತೆ. ನಂಗ್ ಗಿಟ್ಟಲ್ಲ."

ಇಂದ್ರಮ್ಮ ಆ ಬಿಲ್ಲನ್ನೇ ನೋಡುತ್ತ ನಿಂತಳು. ಇವನ ಮೇಲೆ ಸಿಟ್ಟು ತೀರಿಸಿಕೊಳ್ಳುವ ಹಾಗಿರಲಿಲ್ಲ. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಮನೆಯಲ್ಲಿ ದೇವಯ್ಯ ಸುಲಭದ ದಾರಿ ಹೇಳಿದ. ಮಾನಂದವಾಡಿಯಲ್ಲಿ ಅವನ ಚಿಕ್ಕಪ್ಪನ ಮಗಳಿದ್ದಾಳೆ, ಅವಳ ವಿಳಾಸ ಕೊಟ್ಟು ಫೋನಿನಲ್ಲೇ ತರಿಸೋಣ ಎಂದ.

"ಯಾಕ್ರೀ? ನಮ್ಗೊಂದು ಮನೆ ಇಲ್ವಾ, ವಿಳಾಸ ಇಲ್ವಾ? ಬೋರ್ಡ್ ಹಾಕ್ಕೊಂಡೋನು ಅವ್ನು. ನಾನ್ಯಾಕೆ ಇನ್ನೊಬ್ರ ಹೆಸರಲ್ಲಿ ಕಳ್ಳಿ ಥರ ತರ್ಸ್ಲಿ?"

ದೇವಯ್ಯ ಎದ್ದು ಹಸು ಕಟ್ಟಲು ಹೋದ.

ಎರಡು ದಿನ ಅವಳು ನೆರೆಮನೆಯ ಚಿರುತಳ ಹತ್ತಿರ ಅದನ್ನೇ ಹೇಳಿದಳು. ಚಿರುತ ಗದ್ದೆ ಕೆಲಸಕ್ಕೆ ಹೋಗುವವಳು, ಕೂಲಿಯಲ್ಲಿ ಉಳಿಸಿ ಮಿಕ್ಸಿ ಕೊಳ್ಳಬೇಕೆಂದಿದ್ದಳು. ಅವಳಿಗೂ ಹೋದ ತಿಂಗಳು ಅದೇ ಅಂಗಡಿಯಲ್ಲಿ ಅದೇ ಉತ್ತರ ಸಿಕ್ಕಿತ್ತು. ಅವಳು ಸುಮ್ಮನೆ ವಾಪಸ್ ಬಂದಿದ್ದಳು, ಯಾರಿಗೂ ಹೇಳಿರಲಿಲ್ಲ. ಇದನ್ನು ಕೇಳಿದ ಇಂದ್ರಮ್ಮ ಒಳಗೆ ಹೋಗಿ, ಮೂರು ವರ್ಷದ ಹಿಂದೆ ದೇವಯ್ಯ ಅದೇ ಅಂಗಡಿಯಿಂದ ತಂದಿದ್ದ ಇಸ್ತ್ರಿ ಪೆಟ್ಟಿಗೆಯ ಬಿಲ್ಲು ಹುಡುಕಿ ತೆಗೆದಳು. ಬಿಲ್ಲಿನ ತಲೆಯ ಮೇಲೆ ಅಂಗಡಿಯ ವಿಳಾಸ, ಅದರ ಕೊನೆಗೆ ಪಿನ್‌ಕೋಡ್ ಅಚ್ಚಾಗಿತ್ತು. ಅದನ್ನು ಫೋನಿಗೆ ಹಾಕಿದಳು. ನಾಲ್ಕು ದಿನದಲ್ಲಿ ತಲುಪುತ್ತದೆ ಎಂದು ಹಸಿರಕ್ಷರದಲ್ಲಿ ಬಂತು.

ಶನಿವಾರ ಹನ್ನೊಂದು ಗಂಟೆಗೆ, ಅಂಗಡಿ ತುಂಬ ಜನರಿದ್ದ ಹೊತ್ತಿಗೆ, ಇಬ್ಬರೂ ಹೋದರು. ಇಂದ್ರಮ್ಮ ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಬೋರ್ಡನ್ನು ಮಲಯಾಳದಲ್ಲಿ ಗಟ್ಟಿಯಾಗಿ, ಒಂದೊಂದೇ ಶಬ್ದ ಬಿಡಿಸಿ ಓದಿದಳು. ಓದಿ ಮುಗಿಸಿ ಮತ್ತೆ ಓದಿದಳು. ಮೂರನೆಯ ಸಲಕ್ಕೆ ಒಳಗಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅಜೀಶ್ ಓಡಿಬಂದು, ಏನು ಚೇಚಿ ಇದು, ದಾರಿ ಬಿಡಿ ಎಂದ. ಬಾವಲಿಯವರಿಗೆ ಇಲ್ಲ ಅನ್ನುವುದು ಎಲ್ಲಿ ಬರೆದಿದೆ ಎಂದು ಹುಡುಕುತ್ತಿದ್ದೇನೆ, ನನಗೆ ಓದು ಕಡಿಮೆ, ನೀನೇ ತೋರಿಸು ಎಂದಳು ಅವಳು. ಹಿಂದಿದ್ದ ಮುದುಕರೊಬ್ಬರು ನಿಜ, ತೋರಿಸಪ್ಪ ಎಂದರು.

ಅಷ್ಟರಲ್ಲಿ ಸೋಮನ್ ಅವರೇ ಮಹಡಿಯಿಂದ ಇಳಿದು ಬಂದರು. ಸಮಾಧಾನದ ಮನುಷ್ಯ. ಆನ್‌ಲೈನಿನವರು ಕೊಡದ ಊರಿಗೆ ಆ ಬೆಲೆ ಅನ್ವಯಿಸುವುದಿಲ್ಲ, ಅದು ಅಂಗಡಿಯ ನಿಯಮ ಎಂದು ಮೆತ್ತಗೆ ವಿವರಿಸಿದರು. ಇಂದ್ರಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಫೋನನ್ನು ಅವರ ಕೈಗೇ ಕೊಟ್ಟಳು.

"ನೀವು ನಮ್ಮೂರಿಗೆ ಬರೋದು ಬೇಡ. ನಾನೇ ನಿಮ್ಮ ಅಂಗಡಿಗೆ ಬಂದಿದ್ದೇನೆ. ಇದು ನಾನು ನಿಂತಿರುವ ಜಾಗದ ಪಿನ್‌ಕೋಡ್, ನಿಮ್ಮ ಬಿಲ್ಲಿನಲ್ಲೇ ಇದೆ. ಇಲ್ಲಿಗೆ ಅವರು ಕೊಡುತ್ತಾರೆ. ನೀವು ಕೊಡುತ್ತೀರೋ ಇಲ್ಲವೋ ಹೇಳಿ."

ಸೋಮನ್ ಹಸಿರಕ್ಷರವನ್ನು ನೋಡಿದರು. ಸುತ್ತಲೂ ನಿಂತಿದ್ದ ಗಿರಾಕಿಗಳನ್ನು ನೋಡಿದರು. ಅವಳನ್ನು ಪಕ್ಕಕ್ಕೆ ಕರೆದು, ಕೊಡುತ್ತೇನೆ, ಆದರೆ ನಿಮಗೊಬ್ಬರಿಗೆ ಮಾತ್ರ, ಊರಲ್ಲಿ ಹೇಳಬೇಡಿ ಎಂದರು. ಮನೆಗೆ ತಲುಪಿಸಲು ಆಗುವುದಿಲ್ಲ ಎಂದೂ ಸೇರಿಸಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ತಣ್ಣಗಾಗುತ್ತಿದ್ದರು. ಇಂದ್ರಮ್ಮನಿಗೆ ಮಾತ್ರ ಆ ಗುಟ್ಟಿನ ದನಿ ಕೇಳಿ ಮೈಯೆಲ್ಲ ಉರಿಯಿತು. ಭಿಕ್ಷೆ ಹಾಕುವವರು ಹೀಗೆ ಪಿಸುಗುಟ್ಟುತ್ತಾರೆ ಎಂದು ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿ, ಚಿರುತಳನ್ನು ಕೈಹಿಡಿದು ಮುಂದೆ ಎಳೆದಳು. ಮೊದಲು ಇವಳ ಮಿಕ್ಸಿ, ಆಮೇಲೆ ನನ್ನ ಫ್ರಿಜ್ಜು ಎಂದಳು.

ಎರಡಕ್ಕೂ ಬಿಲ್ಲಾಯಿತು. ಬಿಲ್ಲು ಬರೆಯುವಾಗ ಅಜೀಶ್ ತಲೆಯೆತ್ತಲಿಲ್ಲ. ಚಿರುತ ಮಾತ್ರ ಮಿಕ್ಸಿಯ ಡಬ್ಬಿ ತೆಗೆಸಿ, ಮೂರೂ ಜಾರುಗಳನ್ನು ಓಡಿಸಿ ತೋರಿಸುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.

ದೇವಯ್ಯ ಬಾಡಿಗೆ ಜೀಪು ತಂದ. ಬರುತ್ತ ಖುಷಿಯಿಂದ, ಗೆದ್ದೆಯಲ್ಲ, ಇನ್ನಾದರೂ ಮುಖ ಸಡಿಲಿಸು ಎಂದ. ಅವಳು ಮುಖ ಸಡಿಲಿಸಲಿಲ್ಲ. ಅಂಗಡಿಯವರು ಕೊಟ್ಟದ್ದು ತಾವೇ ಬರೆದುಕೊಂಡಿದ್ದನ್ನು. ಅದಕ್ಕೆ ಅವಳು ಎರಡು ಸಲ ಮಾನಂದವಾಡಿಗೆ ಅಲೆದು, ಜನರ ಮುಂದೆ ಗಂಟಲು ಹರಿದುಕೊಳ್ಳಬೇಕಾಗಿ ಬಂದಿತ್ತು. ಬಿಳಿ ಅಂಗಿಯವರಿಗೆ ಎರಡು ನಿಮಿಷ ಸಾಕಾಗಿತ್ತು.

ಕಾಟ್ಟಿಕುಳದಲ್ಲಿ ಶಾಂತರಾಜು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಜೀಪಿನಲ್ಲಿದ್ದ ಫ್ರಿಜ್ಜನ್ನು ನೋಡಿ ಒಳಗೆ ತಿರುಗಿದ. ಇಂದ್ರಮ್ಮ ಜೀಪು ನಿಲ್ಲಿಸಿ ಇಳಿದಳು.

"ಬೇಜಾರಾ, ಶಾಂತರಾಜು?"

"ನಿಮ್ ಮೇಲಲ್ಲ ಅಕ್ಕ. ನೀವು ಬಾಯಿದ್ದೋರು, ಈಸ್ಕೊಂಡ್ರಿ. ನಂಗೆ ಯಾವ ಬೋರ್ಡ್ ಮುಂದೆ ನಿಂತ್ಕೋಬೇಕು ಅನ್ನೋದೇ ಗೊತ್ತಿಲ್ಲ."

ಇಂದ್ರಮ್ಮ ಅವನು ಫ್ರಿಜ್ಜು ಕೊಂಡಿದ್ದ ಬಿಲ್ಲನ್ನು ಇನ್ನೊಮ್ಮೆ ತೆಗೆಸಿದಳು. ಕೆಳಗೆ ಕಂಪನಿಯ ನಂಬರಿತ್ತು. ಚಿಕ್ಕ ಅಂಗಡಿಗೆ ಒಂದು ಬೆಲೆ, ಫೋನಿನಲ್ಲಿ ಮಾರುವವರಿಗೆ ಇನ್ನೊಂದು ಬೆಲೆ ಯಾಕೆ ಎಂದು ಯಾರಾದರೂ ಕೇಳಿದ್ದಾರಾ ಎಂದಳು. ಮೂರು ಸಲ ಫೋನು ಮಾಡಿದ್ದೆ, ಯಾರೂ ಎತ್ತಲ್ಲ, ಎತ್ತಿದರೂ ಹಿಂದಿ ಎಂದ ಅವನು.

ದೇವಯ್ಯ ಜೀಪಿನ ಹಾರ್ನು ಒತ್ತಿದ. ಇಂದ್ರಮ್ಮ ಅತ್ತ ನೋಡದೆ ಸ್ಟೂಲು ಎಳೆದುಕೊಂಡು ಕೂತು, ನಂಬರು ಒತ್ತಿ, ಶಾಂತರಾಜುವಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿದಳು.