ತಟ್ಟಿ ನೋಡಿದ ಜೋಡುನಳಿಗೆ

ಕಲ್ಲಂಗಡಿ ಹಣ್ಣನ್ನು ತಟ್ಟಿ ನೋಡದೆ ಕೊಳ್ಳುವವನ ಮಾತನ್ನು ನಾನು ಯಾವ ವಿಷಯದಲ್ಲೂ ನಂಬುವುದಿಲ್ಲ. ನೀವು ನಗಬಹುದು, ನಗಿ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಶನಿವಾರ ಬೆಳಗಿನ ಹೊತ್ತು ಹಣ್ಣಿನ ರಾಶಿಯ ಮುಂದೆ ನಿಂತು, ಒಂದೊಂದನ್ನೇ ಎತ್ತಿ ಕಿವಿಯ ಬಳಿ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟುತ್ತ ನಾನು ಅದರ ಒಳಗುಟ್ಟನ್ನು ಕೇಳುತ್ತಿದ್ದರೆ, ನನ್ನ ಹೆಂಡತಿ ಶೈಲಾ ಈ ಮನುಷ್ಯನಿಗೂ ತನಗೂ ಯಾವ ಸಂಬಂಧವೂ ಇಲ್ಲವೆಂಬಂತೆ ಬಿಸ್ಕೀಟುಗಳ ಸಾಲಿಗೆ ಸರಿದುಬಿಡುತ್ತಾಳೆ. ಆದರೆ ಈ ಚಾಳಿ ನನಗೆ ಬಂದದ್ದು ಅವ್ವನಿಂದ. ಧಾರವಾಡದಲ್ಲಿ ಬೇಸಿಗೆಗೆ ಮುಂಚೆ ನೀರಿಗೆ ಮಣ್ಣಿನ ಹರವಿ ಕೊಳ್ಳಲು ಹೊರಟಳೆಂದರೆ ಸಂತೆಯ ಅರ್ಧ ಹರವಿಗಳನ್ನಾದರೂ ತಟ್ಟಿ ನೋಡದೆ ಆಕೆ ಮರಳಿದವಳಲ್ಲ. ಟಣ್ ಎಂದರೆ ಗಟ್ಟಿ. ಬದ್ ಎಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕು. ಕಲ್ಲಂಗಡಿಯ ನ್ಯಾಯ ಬೇರೆ, ಅಲ್ಲಿ ಬದ್ ಎಂದದ್ದೇ ಹಣ್ಣು, ಟಣ್ ಎಂದದ್ದು ಕಾಯಿ. ಯಾವುದು ಹೇಗೆ ಸದ್ದು ಮಾಡಿದರೆ ಒಳ್ಳೆಯದು ಎಂಬ ತಿಳಿವಳಿಕೆಯಲ್ಲೇ ಸಂಸಾರದ ಅರ್ಧ ಜಾಣತನ ಇದೆಯೆಂದು ಅವ್ವ ನಂಬಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ಊಟದ ಜೊತೆ ಉಪ್ಪಿನಕಾಯಿಯಂತೆ ನಮಗೆ ದಿನವೂ ಬಡಿಸಿದವಳು ಆಕೆ.

ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಸಂಶಯಪಿಶಾಚಿಯೊಂದು ಐವತ್ತು ದಾಟಿದ ಮೇಲೆ ಬಂದೂಕು ಕೊಳ್ಳಲು ಹೊರಟಿತೆಂದರೆ ಅದರ ಪಾಡು ಏನಾಗಿರಬೇಕು, ನೀವೇ ಊಹಿಸಿ.

ಹೆದರಬೇಡಿ, ನಾನು ಯಾರ ಮೇಲೂ ದಂಡೆತ್ತಿ ಹೊರಟಿರಲಿಲ್ಲ. ನನ್ನ ಆಫೀಸಿನಲ್ಲಿ ಕೆವಿನ್ ಎಂಬ ಸಹೋದ್ಯೋಗಿಯೊಬ್ಬನಿದ್ದಾನೆ. ವಾರವಿಡೀ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೋದಾಮುಗಳ ಲೆಕ್ಕ ನೋಡುವ ಈ ಸಾಧುಪ್ರಾಣಿ ಭಾನುವಾರವಾದರೆ ಕರಿಯ ನಿಲುವಂಗಿ, ಎತ್ತರದ ಟೊಪ್ಪಿಗೆ ಧರಿಸಿ ನೂರೈವತ್ತು ವರ್ಷ ಹಿಂದಿನ ಅಮೆರಿಕದ ಹೆಣ ಹೂಳುವವನಾಗಿಬಿಡುತ್ತಾನೆ. ಊರಾಚೆಯ ಬಯಲಿನಲ್ಲಿ ಹಲಗೆಗಳಿಂದ ಮಾಡಿದ ಹುಸಿ ಬ್ಯಾಂಕು, ಹುಸಿ ಸಾರಾಯಿ ಅಂಗಡಿ. ಅವುಗಳ ಎದುರು ಉಕ್ಕಿನ ತಟ್ಟೆಗಳು. ಗಡಿಯಾರ ಓಡುತ್ತಿರುವಾಗಲೇ ಆ ಕಾಲದ ಮಾದರಿಯ ಪಿಸ್ತೂಲು, ರೈಫಲ್, ಶಾಟ್‌ಗನ್‌ಗಳಿಂದ ಒಂದಾದ ಮೇಲೊಂದು ತಟ್ಟೆ ಉರುಳಿಸಬೇಕು. ಇದಕ್ಕೆ ಕೌಬಾಯ್ ಆ್ಯಕ್ಷನ್ ಶೂಟಿಂಗ್ ಎಂದು ಹೆಸರು. ಇಷ್ಟೊಂದು ಕೌಬಾಯ್‌ಗಳ ನಡುವೆ ಒಂದು ಹಸುವೂ ಇಲ್ಲ, ಒಂದು ಕುದುರೆಯೂ ಇಲ್ಲ. ಇರುವ ಕುದುರೆ ಬೆರಳಿನಿಂದ ಎಳೆಯುವ ಬಂದೂಕಿನದೊಂದೇ. ಪ್ರತಿಯೊಬ್ಬರಿಗೂ ಒಂದು ಸುಳ್ಳು ಹೆಸರು ಕಡ್ಡಾಯ. ಯೋಚಿಸಿ ಯೋಚಿಸಿ ನಾನು 'ಗಿರಮಿಟ್ ಕಿಡ್' ಎಂದು ಬರೆಸಿಕೊಂಡೆ. ಮಂಡಕ್ಕಿ, ಉಳ್ಳಾಗಡ್ಡಿ, ಹುಣಸೆರಸ ಕಲಸಿದ ನಮ್ಮೂರಿನ ತಿಂಡಿಯದು ಎಂದು ವಿವರಿಸಿದಾಗ ಶೆರಿಫ್ ವೇಷದ ಬಿಳಿಗಡ್ಡದವರೆಲ್ಲ ಗಂಭೀರವಾಗಿ ತಲೆದೂಗಿದರು.

ಸಿಡ್ನಿ ಬಿಟ್ಟು ಮೆಲ್ಬರ್ನಿಗೆ ಬಂದ ಮೇಲೆ ನಾನು ಬಾಯಿತುಂಬ ನಕ್ಕದ್ದು ಅಂದೇ ಮೊದಲು ಇರಬೇಕು. ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿ ನಮ್ಮ ಕಡೆಯವರ ಮನೆಗಳು ಕೂಗಳತೆಯಲ್ಲಿದ್ದವು, ಶುಕ್ರವಾರ ಸಂಜೆ ಯಾರದಾದರೂ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಇರುತ್ತಿತ್ತು. ಇಲ್ಲಿಗೆ ಬಂದ ವರ್ಷವೇ, ಯಾವ ಕೆಲಸಕ್ಕಾಗಿ ಬಂದಿದ್ದೆನೋ ಆ ಕೆಲಸ ಹೋಯಿತು. ಹೊಸದು ಸಿಗುವವರೆಗೆ ಕೆಲವು ತಿಂಗಳು ಹಿತ್ತಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೇಲಿ ನೋಡುತ್ತ ಕಳೆದೆ. ಅದು ಮುಗಿದ ಕತೆ ಎಂದು ನಾನು ತಿಳಿದಿದ್ದೆ.

ಪಿಸ್ತೂಲಿನ ಲೈಸೆನ್ಸಿಗೆ ಇಲ್ಲಿ ವನವಾಸ ದೀರ್ಘ, ಆದ್ದರಿಂದ ಮೊದಲು ಶಾಟ್‌ಗನ್ ಕೊಳ್ಳು ಎಂದ ಕೆವಿನ್. ಸರಿ, ಯಾವುದು? ಕೈಯಿಂದ ಹಿಂದೆ ಮುಂದೆ ಎಳೆದು ತೋಟಾ ತುಂಬುವ ಪಂಪ್ ಬಂದೂಕು ಇಲ್ಲಿ ನಮ್ಮಂಥವರಿಗೆ ಕಾನೂನಿನಲ್ಲಿ ಇಲ್ಲ. ಉಳಿದದ್ದು, ಎರಡು ನಳಿಗೆಗಳು ಜೋಡೆತ್ತಿನಂತೆ ಪಕ್ಕಪಕ್ಕ ಇರುವ ಹಳೆಯ ಜೋಡುನಳಿಗೆ. ಅದರಲ್ಲೂ ಒಂದು ಟ್ರಿಗರ್‌ನದೋ ಎರಡರದೋ, ತೋಟಾಕ್ಕೆ ಬಡಿಯುವ ಸುತ್ತಿಗೆ ಹೊರಗೆ ಕಾಣುವುದೋ ಒಳಗೆ ಅಡಗಿದ್ದೋ, ನಳಿಗೆ ಗಿಡ್ಡವೋ ಉದ್ದವೋ? ಗಿಡ್ಡ ನಳಿಗೆ ಬೇಗ ತಿರುಗುತ್ತದೆ, ಹಗುರವಾದಷ್ಟೂ ಭುಜಕ್ಕೆ ಜಾಡಿಸಿ ಒದೆಯುತ್ತದೆ. ಅಂತರ್ಜಾಲದಲ್ಲಿ ಒಬ್ಬ ಗಡ್ಡದವನು ಹೊಗಳಿದ್ದನ್ನು ಇನ್ನೊಬ್ಬ ಗಡ್ಡದವನು ತೆಗಳುತ್ತಿದ್ದ. ಇಬ್ಬರೂ ಯಾರದೋ ಉಪ್ಪು ತಿಂದವರೇ ಇರಬೇಕೆಂದು ನಾನು ಇಬ್ಬರನ್ನೂ ಬಿಟ್ಟೆ. ಅಂಗಡಿಯವ ಕಡಿಮೆ ಮಾತಾಡಿದರೆ ಏನೋ ಮುಚ್ಚಿಡುತ್ತಿದ್ದಾನೆ, ಹೆಚ್ಚು ಮಾತಾಡಿದರೆ ಏನನ್ನೋ ದಾಟಿಸುತ್ತಿದ್ದಾನೆ. ನಿನಗೆ ಬಂದೂಕು ಯಾಕೆ ಎಂದು ಲೈಸೆನ್ಸಿನವರು ಕೇಳಿದಾಗ, ಎಲ್ಲ ಕಾಗದ ನೆಟ್ಟಗಿದ್ದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡೆ. ಸಂಶಯ ಪಡುವುದು ಎಷ್ಟು ಸುಖವೋ ಸಂಶಯಕ್ಕೆ ಒಳಗಾಗುವುದು ಅಷ್ಟೇ ಕಷ್ಟ.

ಆದರೆ ಅವರೆಲ್ಲರಿಗಿಂತ ದೊಡ್ಡ ಕಚೇರಿ ಮನೆಯಲ್ಲಿತ್ತು. ಶೈಲಾ ಹೂಂ ಅನ್ನದೆ ಬಂದೂಕು ಹೊಸ್ತಿಲು ದಾಟುವಂತಿರಲಿಲ್ಲ; ಇದು ವಿಕ್ಟೋರಿಯಾದ ಕಾನೂನಲ್ಲ, ನಮ್ಮ ಮನೆಯದು.

"ಅಲ್ರೀ, ಮನ್ಯಾಗ ಹಲ್ಲಿ ಕಂಡ್ರ ಹೊರಗ ಓಡೂ ಮನಶಾ ನೀವು. ನಿಮಗ್ಯಾಕ್ರೀ ಬಂದೂಕು?" ಎಂದಳು ಮೊದಲ ದಿನ.

"ಅಪ್ಪಾ, ದಿಸ್ ಈಸ್ ಸೋ ರ್‍ಯಾಂಡಮ್," ಎಂದು ಮಗಳು ಅನಘಾ ಫೋನಿನಿಂದ ತಲೆಯೆತ್ತದೆ ತೀರ್ಪು ಕೊಟ್ಟಳು. ಸಿಡ್ನಿಯ ಗೆಳೆಯ ಬಸೂ ಫೋನಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ: "ಯಾಕಲೇ, ಮೆಲ್ಬರ್ನ್‌ದಾಗ ಅಷ್ಟು ಕಳ್ಳರು ಅದಾರೇನು?"

ಶೈಲಾ ಮಾತ್ರ ನಗಲಿಲ್ಲ. ಆಮೇಲೆ ಬಂದೂಕಿನ ಸುದ್ದಿಯನ್ನೂ ಎತ್ತಲಿಲ್ಲ. ಬದಲಾಗಿ ಸುತ್ತುಬಳಸಿನ ಪ್ರಶ್ನೆಗಳು ಶುರುವಾದವು. ರಾತ್ರಿ ನಿದ್ದೆ ಬಂತೇನ್ರಿ? ಮಧ್ಯಾಹ್ನ ಆಫೀಸಿನಲ್ಲಿ ಯಾರ ಜೊತೆ ಊಟ ಮಾಡಿದಿರಿ? ಡಬ್ಬಿಯಲ್ಲಿ ಅನ್ನ ಯಾಕೆ ಉಳಿಯಿತು? ಭಾನುವಾರ ಅಲ್ಲಿ ಯಾರು ಯಾರು ಇರುತ್ತಾರೆ, ನೀವು ಅವರ ಜೊತೆ ಮಾತಾಡುತ್ತೀರೋ ಸುಮ್ಮನೆ ಕೂತಿರುತ್ತೀರೋ? ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಈ ಪ್ರಶ್ನೆಗಳ ಹಿಂದಿನ ಪ್ರಶ್ನೆಯನ್ನು ಹುಡುಕಿದೆ. ಕುಡಿತವೆಂದುಕೊಂಡಳೇ? ಈ ವಯಸ್ಸಿನಲ್ಲಿ ಹೆಣ್ಣಿನ ವಿಚಾರವೇ? ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಆಯಿತೆಂದು ನಿಮ್ಮ ಹತ್ತಿರ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಒಂದು ಭಾನುವಾರ ತಾನೂ ಬರುತ್ತೇನೆಂದು ಹೊರಟಳು. ನಾನು ಟೊಪ್ಪಿಗೆ ಹಾಕಿಕೊಂಡು ಕ್ಲಬ್ಬಿನ ಬಂದೂಕಿನಲ್ಲಿ ತಟ್ಟೆಗಳನ್ನು ಉರುಳಿಸಲು ಹೆಣಗುತ್ತಿದ್ದಾಗ ಆಕೆ ಚಹಾದ ಮೇಜಿನ ಬಳಿ ಕೆವಿನ್‌ನನ್ನು ಹಿಡಿದು ನಿಲ್ಲಿಸಿ ದೀರ್ಘವಾಗಿ ಏನೋ ಕೇಳುತ್ತಿದ್ದಳು. ಹೆಣ ಹೂಳುವವನ ವೇಷದ ಕೆವಿನ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಉತ್ತರಿಸುತ್ತಿದ್ದ. ನನ್ನ ವಿರುದ್ಧ ಸಾಕ್ಷಿ ಕಲೆಹಾಕುತ್ತಿದ್ದಾಳೆ ಎಂದುಕೊಂಡೆ. ಗುರಿ ತಪ್ಪಿತು.

ಮುಂದಿನ ವಾರ, "ನಡೀರಿ, ಆ ಬಂದೂಕಾದ್ರೂ ನೋಡೂಣು," ಎಂದು ತಾನೇ ಹೇಳಿದಳು. ಒಪ್ಪಿಗೆಯೋ ಉಪಾಯವೋ ತಿಳಿಯದೆ ಕಾರು ತೆಗೆದೆ.

ಅಂಗಡಿಯ ಮುದುಕ ಎರಡು ಹಳೆಯ ಜೋಡುನಳಿಗೆಗಳನ್ನು ಹಸಿರು ಬಟ್ಟೆಯ ಮೇಲೆ ಇಟ್ಟ. ಒಂದು ಥಳಥಳ ಹೊಳೆಯುತ್ತಿತ್ತು, ಮರದ ಹಿಡಿಗೆ ಹೊಸ ಎಣ್ಣೆಯ ಮಿರುಗು. ಇನ್ನೊಂದು ಬಣ್ಣ ಮಾಸಿ, ಹಿಡಿಯ ಮೇಲೆ ಯಾರದೋ ಕೆನ್ನೆ ಸವೆಸಿದ ಗುರುತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ನೆನಪಾಗಿ, ಹೊಳೆಯುವುದರ ಮೇಲೆ ನನಗೆ ತಕ್ಷಣ ಗುಮಾನಿ ಬಂತು. ಆದರೆ ಪ್ರಮಾಣ ಎಲ್ಲಿ? ಆಗ ಆ ಮುದುಕ ಮಾಡಿದ್ದನ್ನು ಕೇಳಿ. ಹಿಡಿಯಿಂದ ನಳಿಗೆಗಳನ್ನು ಕಳಚಿ, ಅವುಗಳ ಅಡಿಯ ಕೊಕ್ಕೆಗೆ ಒಂದು ದಾರದ ಕುಣಿಕೆ ಹಾಕಿ, ಗಾಳಿಯಲ್ಲಿ ತೂಗುಬಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿದ!

ನನಗೆ ಮೈ ಝುಂ ಎಂದಿತು. ಎರಡು ನಳಿಗೆಗಳನ್ನು ಬೆಸೆಯುವ ಪಟ್ಟಿಗಳು ಗಟ್ಟಿಯಾಗಿದ್ದರೆ ಗಂಟೆಯಂತೆ ನಾದ ಬರುತ್ತದೆ, ಬೆಸುಗೆ ಎಲ್ಲಾದರೂ ಬಿಟ್ಟಿದ್ದರೆ ಸದ್ದು ಸತ್ತುಹೋಗುತ್ತದೆ, ಕಣ್ಣಿಗೆ ಕಾಣದ್ದು ಹೀಗೆ ಕಿವಿಗೆ ಕಾಣುತ್ತದೆ ಎಂದ ಮುದುಕ. ಹೊಳೆಯುವುದು ಬದ್ ಎಂದಿತು. ಬಣ್ಣಗೆಟ್ಟದ್ದು ಟಣ್ ಎಂದು ಮೊಳಗಿ, ಆ ನಾದ ಅಂಗಡಿಯ ಗಾಜುಗಳನ್ನು ಮುಟ್ಟಿ ನಿಧಾನಕ್ಕೆ ಅಡಗಿತು. ಏಳು ಸಮುದ್ರದಾಚೆ, ನನ್ನ ಭಾಷೆಯ ಒಂದು ಅಕ್ಷರ ಗೊತ್ತಿಲ್ಲದ ಬಿಳಿಯ ಮುದುಕನ ಬೆರಳಿನಲ್ಲಿ ಅವ್ವನ ಗೆಣ್ಣು ಕಂಡು ನನ್ನ ಕಣ್ಣು ತೇವವಾಯಿತು. ಆದರೂ ಬುದ್ಧಿ ಎಲ್ಲಿ ಹೋದೀತು? ದಾರವನ್ನು ಇಸಿದುಕೊಂಡು ನಾನೂ ಇನ್ನೊಮ್ಮೆ ತಟ್ಟಿ ನೋಡಿದೆ.

ಮುದುಕ ಶೈಲಾಳ ಕಡೆ ತಿರುಗಿ, ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದ. ಆಕೆ ಬಂದೂಕಿನ ಬಗ್ಗೆ ಏನೂ ಕೇಳಲಿಲ್ಲ. ಕಾನೂನಿನಂತೆ ಮನೆಯಲ್ಲಿ ಬಂದೂಕನ್ನು ಬೀಗ ಹಾಕಿಡಬೇಕಾದ ಕಬ್ಬಿಣದ ಪೆಟ್ಟಿಗೆಯ ಕೀಲಿಕೈ ಯಾರ ಹತ್ತಿರ ಇರುತ್ತದೆ, ಅದು ತನ್ನ ಹತ್ತಿರ ಇರಬಹುದೇ ಎಂದು ಕೇಳಿದಳು. ಲೈಸೆನ್ಸ್ ಇಲ್ಲದವರ ಕೈಗೆ ಅದು ಸಿಗುವಂತಿಲ್ಲ, ಇವರೊಬ್ಬರ ಹತ್ತಿರವೇ ಇರಬೇಕು ಎಂದು ಮುದುಕ ಹೇಳಿದಾಗ ಆಕೆಯ ಮುಖ ಕಪ್ಪಿಟ್ಟಿತು.

ಕಾರಿನಲ್ಲಿ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ. "ಕೀಲಿಕೈ ಇಟ್ಕೊಂಡು ನನ್ನ ಆಟ ಬಂದ್ ಮಾಡಬೇಕಂತ ಮಾಡಿದ್ದಿ, ಹೌದಿಲ್ಲೋ?" ಎಂದೆ.

ಆಕೆ ಎದುರಿನ ಗಾಜನ್ನೇ ನೋಡುತ್ತ ಹೇಳಿದಳು: "ಹಿತ್ತಲದಾಗ ಕುಂತಿರ್ತಿದ್ರಿ. ನಾ ಕೆಲಸಕ್ಕ ಹೋಗೂ ಮುಂದ ಕುಂತಿರ್ತಿದ್ರಿ, ಬಂದಾಗೂ ಹಂಗ ಕುಂತಿರ್ತಿದ್ರಿ. ಚಹಾ ಆರಿ ತಣ್ಣಗಾಗಿರ್ತಿತ್ತು. ದಿನಾ ಬಾಗಲಾ ತಗಿಯೂ ಮುಂದ ಕಿವಿ ಹಚ್ಚಿ ನಿಲ್ತಿದ್ದೆ ರೀ, ಒಳಗ ಏನ್ ನೋಡಬೇಕಾಗ್ತದೋ ಅಂತ. ಈಗ ಅದ ಮನೀಗೆ ಬಂದೂಕು ತರ್ತೀನಿ ಅಂದ್ರ ನಾ ಏನ್ ತಿಳ್ಕೋಬೇಕು?"

ನನಗೆ ಕಾರು ಶುರು ಮಾಡಲು ಆಗಲಿಲ್ಲ. ನಿದ್ದೆ, ಡಬ್ಬಿಯ ಅನ್ನ, ಊಟದ ಜೊತೆಗಾರರು, ಒಂದೊಂದೇ ಪ್ರಶ್ನೆ ನೆನಪಾಯಿತು. "ಅವತ್ತ ಕೆವಿನ್‌ಗ ಏನ್ ಕೇಳಿದಿ?" ಅಂದೆ. "ನಮ್ಮ ಮನಿಯವರು ಇಲ್ಲಿ ನಗ್ತಾರೇನು ಅಂತ ಕೇಳಿದೆ. ನಗ್ತಾರ ಅಂದ. ಅದಕ್ಕ ಇವತ್ತ ಬಂದೆ," ಎಂದಳು.

ಊರೆಲ್ಲವನ್ನೂ ತಟ್ಟಿ ನೋಡುತ್ತ ತಿರುಗಿದ ನನಗೆ, ಇಷ್ಟು ತಿಂಗಳಿಂದ ನನ್ನನ್ನೇ ಯಾರೋ ಮೆಲ್ಲಗೆ ತಟ್ಟುತ್ತ, ಉಸಿರು ಬಿಗಿಹಿಡಿದು ಕಿವಿಗೊಟ್ಟಿದ್ದಾರೆಂದು ತಿಳಿಯಲೇ ಇಲ್ಲ. ನನ್ನ ಸಂಶಯ ಮೋಸಹೋಗಬಾರದೆಂಬ ಹಟದ್ದು, ಅವಳದು ನನ್ನನ್ನು ಕಳೆದುಕೊಳ್ಳಬಾರದೆಂಬ ಅಂಜಿಕೆಯದು; ಎರಡಕ್ಕೂ ಒಂದೇ ಹೆಸರು ಇಟ್ಟವರು ಯಾರೋ ಕಾಣೆ. ಆ ಕುರ್ಚಿಯಲ್ಲಿ ಕೂತಿದ್ದಾಗ ನನ್ನ ಮನಸ್ಸು ಅಲ್ಲಿಯವರೆಗೆ ಹೋಗಿತ್ತೇ ಎಂದು ನೀವು ಕೇಳಿದರೆ, ಹೋಗಿರಲಿಲ್ಲ; ಆದರೆ ಆ ದಾರಿ ಕಾಣುವಷ್ಟು ಹತ್ತಿರ ಹೋಗಿರಲಿಲ್ಲವೆಂದು ಆಣೆಯಿಟ್ಟು ಹೇಳಲಾರೆ. ಅಂದು ಕಾರಿನಲ್ಲಿ ಶೈಲಾಳಿಗೂ ಅಷ್ಟನ್ನೇ ಹೇಳಿದೆ. ಅವಳು ಅತ್ತಳು. ನಾನೂ ಅತ್ತೆ.

ಬಂದೂಕನ್ನು ಕೊಂಡೆ, ಬಣ್ಣ ಮಾಸಿದ್ದನ್ನೇ. ಪೊಲೀಸರ ಪರವಾನಗಿ ಬಂದ ಮೇಲೂ ಅದು ನಮ್ಮ ಮನೆಗೆ ಬರಲಿಲ್ಲ. ಕಾನೂನಿನ ಕಾಗದಪತ್ರ ಮುಗಿಸಿ ಕೆವಿನ್‌ನ ಕಬ್ಬಿಣದ ಪೆಟ್ಟಿಗೆಯಲ್ಲಿ ಅವನ ಬಂದೂಕುಗಳ ಪಕ್ಕ ನಿಂತಿದೆ. ಕೀಲಿಕೈ ಅವನ ಹತ್ತಿರ. ಕಾರಣ ಹೇಳಿದಾಗ ಅವನು ಏನೂ ಕೇಳದೆ, ಪೆಟ್ಟಿಗೆಯಲ್ಲಿ ಜಾಗ ಬಹಳ ಇದೆ ಮೇಟ್, ಎಂದಷ್ಟೇ ಅಂದ. ಭಾನುವಾರ ನನಗೂ ಬಂದೂಕಿಗೂ ಭೇಟಿ, ತಟ್ಟೆಗಳು ಉರುಳುತ್ತವೆ, ಗಿರಮಿಟ್ ಕಿಡ್ ಈಗಲೂ ಎಲ್ಲರಿಗಿಂತ ನಿಧಾನ. ನನ್ನ ಬಂದೂಕನ್ನು ಇನ್ನೊಬ್ಬರ ಮನೆಯಲ್ಲಿಟ್ಟದ್ದಕ್ಕೆ ಅವಮಾನವೇನೂ ಅನಿಸಿಲ್ಲ.

ಮೊನ್ನೆ ಶನಿವಾರ ಅದೇ ಹಣ್ಣಿನ ರಾಶಿಯ ಮುಂದೆ ನಿಂತಿದ್ದೆ. ಶೈಲಾ ಬಿಸ್ಕೀಟಿನ ಸಾಲಿಗೆ ಹೋಗಲಿಲ್ಲ, ಗಾಡಿ ಹಿಡಿದು ಪಕ್ಕದಲ್ಲೇ ನಿಂತಳು. ನಾನು ಒಂದು ಕಲ್ಲಂಗಡಿಯನ್ನು ತಟ್ಟಿ, ಇನ್ನೊಂದನ್ನು ತಟ್ಟಿ, ಮೂರನೆಯದನ್ನು ಎತ್ತಿ ಗಾಡಿಯಲ್ಲಿಟ್ಟೆ. ಅವಳು ಬೆರಳು ಮಡಚಿ, ಜನರೆಲ್ಲ ನೋಡುತ್ತಿರುವಂತೆಯೇ, ನನ್ನ ಬೆನ್ನಿಗೆ ಎರಡು ಸಲ ತಟ್ಟಿದಳು.

"ಹೆಂಗದೀರಿ ಇವತ್ತ?"

ಚಲೋ ಅದೀನಿ ಎನ್ನುವ ಮಾತು ರೂಢಿಯಂತೆ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಇವತ್ತ ಯಾಕೋ ಅಷ್ಟು ಚಲೋ ಇಲ್ಲ," ಎಂದೆ.

"ಹೌದಾ," ಎಂದಳು ಶೈಲಾ, ಗಾಡಿಯನ್ನು ತಿರುಗಿಸುತ್ತ. "ಬರ್ರಿ, ಮೊದಲ ಎಲ್ಲೆರ ಕುಂತು ಚಹಾ ಕುಡಿಯೂಣು."