ನಲವತ್ತಮೂರು ಇಂಚಿನ ಫಲಿತಾಂಶ

ನಮ್ಮ ಅತ್ತೆಯವರು ಹತ್ತನೇ ತರಗತಿಯ ಪರೀಕ್ಷೆ ಕಟ್ಟಿದ್ದು ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವರಿಗೆ ಮತ್ತು ನನಗೆ. ಔರಾದಿನ ತವರಿನಲ್ಲಿ ಏಳನೆಯದಕ್ಕೇ ಶಾಲೆ ಬಿಟ್ಟು, ಮದುವೆಯಾಗಿ ಭಾಲ್ಕಿಗೆ ಬಂದವರು. ಮೊಮ್ಮಕ್ಕಳ ಪುಸ್ತಕ ತಿರುವಿ ಹಾಕುತ್ತ ಹಾಕುತ್ತ ಹುಕಿ ಹತ್ತಿತು. ಶಾಲೆಯಲ್ಲಿ ಗಣಿತ ಕಲಿಸುವ ನಾನೇ ಫಾರ್ಮು ತುಂಬಿಸಿದೆ, ನಾನೇ ಅಡುಗೆಮನೆಯಲ್ಲಿ ಪಾಠ ಹೇಳಿದೆ. ನನಗೆ ತಾಳ್ಮೆ ಕಡಿಮೆ. ಬೀಜಗಣಿತ ಹೇಳುವಾಗ ಎರಡು ಸಲ ಲಟ್ಟಣಿಗೆ ಕುಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ.

ಪರೀಕ್ಷೆಗೆ ಬೀದರಿಗೆ ಹೋಗಬೇಕಾದಾಗ ಮಾವನವರಿಗೆ ಹೇಳಿದ ನೆಪ ಮೊಣಕಾಲು ನೋವು. "ಇಷ್ಟು ಸಲ ದವಾಖಾನಿಗಿ ಹೋದ್ರೂ ನಿನ್ನ ಮೊಣಕಾಲ ನೆಟ್ಟಗ ಆಗವಲ್ದಲ್ಲ" ಎಂದು ಅವರು ಗೊಣಗುತ್ತಿದ್ದರು. ಅತ್ತೆಯ ಅಂಜಿಕೆಯೆಲ್ಲ ಮಾವನ ನಗೆಯದು. ಅವರು ನಕ್ಕರೆ ಓಣಿಯ ಆ ತುದಿಗೆ ಕೇಳಿಸುತ್ತದೆ. "ಫೇಲಾದ್ರ ನಾ ಸಾಯೋತನಕ ಅದನ್ನೇ ಅಂತಾರವ್ವ" ಎನ್ನುತ್ತಿದ್ದರು ಅತ್ತೆ.

ಫಲಿತಾಂಶದ ದಿನ ನನ್ನ ಫೋನು ರಿಪೇರಿಗೆ ಹೋಗಿತ್ತು. ಪಕ್ಕದ ಮನೆಯ ಹಿರಿಯಾಕೆ ಖಾಲಾರನ್ನು ಕೇಳಿದರೆ ಫೋನು ಸಿಗುತ್ತಿತ್ತು, ಆದರೆ ಸುದ್ದಿ ಸಂಜೆಯೊಳಗೆ ಊರು ಸುತ್ತಿ ಬರುತ್ತಿತ್ತು. ಅತ್ತೆ ಬೆಳಿಗ್ಗೆಯಿಂದ ಚಹಾ ಮುಟ್ಟಿರಲಿಲ್ಲ. ಮಾವ ಬಂಧುಗಳ ಮನೆಗೆಂದು ಔರಾದಿನ ಬಸ್ಸಿಗೆ ಹೋಗಿದ್ದರು. ಹೊಸ ಟಿವಿಯಲ್ಲಿ ಇಂಟರ್ನೆಟ್ ಬರುತ್ತದೆಂಬುದು ಆಗ ಹೊಳೆಯಿತು.

ಮಾವ ಹೊಸ ರಿಮೋಟಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಮೇಲೆ ರಬ್ಬರ್ ಬ್ಯಾಂಡ್ ಬಿಗಿದಿದ್ದರು, ಧೂಳು ಹೋಗಬಾರದೆಂದು. ಬಿಚ್ಚಿದರೆ ಅವರಿಗೆ ಗೊತ್ತಾಗಿಬಿಡುತ್ತದೆ. ಚೀಲದ ಮೇಲಿಂದಲೇ ಒತ್ತಿದೆ. ಒಮ್ಮೆ ಒತ್ತಿದರೆ ಪರದೆಯ ಮೇಲಿನ ಬಾಣ ಅಲುಗುವುದಿಲ್ಲ, ಇನ್ನೊಮ್ಮೆ ಒತ್ತಿದರೆ ಎರಡು ಅಕ್ಷರ ಜಿಗಿಯುತ್ತದೆ. ವೆಬ್‌ಸೈಟಿನ ಹೆಸರು ಹೊಡೆಯುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು. "ಎಡಕ್ಕ, ಎಡಕ್ಕ! ಅಯ್ಯ, ಮುಂದ ಹೋಯ್ತು" ಎಂದು ಅತ್ತೆ ಬೇರೆ.

ಅಷ್ಟರಲ್ಲಿ ಬಾಗಿಲಲ್ಲಿ ಮಾವ. "ಬಸ್ ತಪ್ತು. ಏನ್ ಮಾಡ್ಲತ್ತೀರಿ ಇಬ್ರೂ?"

"ನಮ್ಮ ಸಾಲಿ ಹುಡುಗಿದು ರಿಸಲ್ಟ್ ನೋಡ್ಲತ್ತೀವ್ರಿ ಮಾವಾರ" ಎಂದೆ.

"ಹಂಗ ಒತ್ತಿದ್ರ ಕೆಟ್ಟ ಹೋಗ್ತದ, ತಾ ಇಲ್ಲಿ" ಎಂದು ರಿಮೋಟು ಕಸಿದುಕೊಂಡು ಗಾದಿಯ ಮೇಲೆ ಕೂತೇಬಿಟ್ಟರು. ಅವರ ಹೆಬ್ಬೆರಳಿಗೆ ಆ ಚೀಲದ ಮರ್ಜಿ ಗೊತ್ತಿತ್ತು. ನಾನು ನಂಬರು ಹೇಳಿದೆ, ಅವರು ಒಂದೊಂದಾಗಿ ಒತ್ತಿದರು. ಬಿಟ್ಟು ಎದ್ದು ಹೋಗಲು ನನಗೆ ದಾರಿಯೇ ಇರಲಿಲ್ಲ. ಅತ್ತೆ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ಗೋಡೆಗೆ ಒರಗಿ ನಿಂತಿದ್ದರು.

ಆಮೇಲೆ ಹುಟ್ಟಿದ ತಾರೀಖನ್ನೂ ಟಿವಿ ಕೇಳಿತು. ನಾನು ಹೇಳಿದ ಇಸವಿ ಒತ್ತಿದ ಮೇಲೆ ಮಾವನ ಬೆರಳು ನಿಂತಿತು.

"ಈ ಹುಡುಗಿ ನಮ್ಮ ಮನ್ಯಾಕಿ ವಯಸ್ಸಿನಾಕಿ ಇದ್ದಾಳಲ್ಲ!"

"ತಪ್ಪು ಬರಸ್ಯಾರ್ರಿ" ಎಂದೆ. ಗಣಿತದವಳಿಗೆ ಇನ್ನೊಂದು ಸುಳ್ಳು ಹೊಳೆಯಲಿಲ್ಲ.

ಮಾವ ಕೊನೆಯ ಗುಂಡಿ ಒತ್ತಿದರು. ಪರದೆ ಬೆಳ್ಳಗಾಯಿತು, ಚಕ್ರ ತಿರುಗಿತು, ನಲವತ್ತಮೂರು ಇಂಚಿನ ಟಿವಿಯ ತುಂಬ ಅತ್ತೆಯ ಹೆಸರು ಬಂತು. ಅದರ ಕೆಳಗೆ ಔರಾದಿನ ಅವರಪ್ಪನ ಹೆಸರು. ಮಾವ ಎರಡನ್ನೂ ಓದಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೊಮ್ಮೆ ಓದಿದರು. ಆಮೇಲೆ ಒಂದೊಂದೇ ವಿಷಯ, ಒಂದೊಂದೇ ಅಂಕ, ಗಟ್ಟಿಯಾಗಿ. ಕನ್ನಡದಲ್ಲಿ ಭರ್ತಿ ಅಂಕ. ಗಣಿತದಲ್ಲಿ ಅತ್ತೆ ಅಂಚಿಗೆ ಬಂದು ನಿಂತಿದ್ದರು. ಕಡೆಗೆ ಮಾವ "ಪಾಸ್" ಎಂದರು.

ನನಗೆ ಕುಣಿಯುವಷ್ಟು ಖುಷಿ. ಆದರೆ ಅತ್ತೆ ಅಲ್ಲಾಡಲಿಲ್ಲ. ಮಾವ ಯಾವಾಗ ನಗುತ್ತಾರೋ ಎಂದು ಅವರ ಮುಖವನ್ನೇ ನೋಡುತ್ತಿದ್ದರು.

"ನನಗ್ಯಾಕ ಹೇಳ್ಲಿಲ್ಲ?" ಎಂದರು ಮಾವ.

"ಹೇಳಿದ್ರ ನೀವು ನಗ್ತಿದ್ರಿ."

ಮಾವ ಟಿವಿಯ ಕಡೆಗೇ ನೋಡುತ್ತ ರಿಮೋಟಿನ ರಬ್ಬರ್ ಬ್ಯಾಂಡ್ ಬಿಗಿ ಮಾಡಿದರು.

"ಹೌದು, ನಗ್ತಿದ್ದೆ" ಎಂದರು. "ಹೇಳ್ಲಿಲ್ಲ, ಛಲೋ ಮಾಡಿದಿ."