ಬ್ರಾಂಕ್ಸ್‌ನಲ್ಲಿ ಒಂದು ವೀಕ್ಷಕ ವಿವರಣೆ

ಇಲ್ಲಿ ಬರೆಯುತ್ತಿರುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ನಾವು ಹಿಡಿದದ್ದು ಒಂಬತ್ತೂವರೆಯ ರೈಲೋ ಹತ್ತರದ್ದೋ, ಮಾವ ಹಾಕಿದ್ದು ನೀಲಿ ಟೋಪಿಯೋ ಬೂದುಬಣ್ಣದ್ದೋ, ಖಚಿತವಿಲ್ಲ. ಇದಕ್ಕೆ ಆಧಾರವಾದ ದಿನಚರಿ ಬರೆದದ್ದೇ ಎರಡು ದಿನ ಬಿಟ್ಟು. ಅಷ್ಟರಲ್ಲಿ ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರುತ್ತದೆ. ಏಳನೆಯ ಇನ್ನಿಂಗ್‌ನಲ್ಲಿ ನಾನು ಸುಮ್ಮನಿದ್ದೆ ಎನ್ನುವುದು ಮಾತ್ರ ನಿಜ. ನಿಜವೆಂದೇ ಅಂದುಕೊಂಡಿದ್ದೇನೆ.

ಮೇ ತಿಂಗಳ ಶನಿವಾರ. ಹಿಲ್ಸ್‌ಬರೋದಿಂದ ಡ್ರೈವ್ ಮಾಡಿ, ವೆಸ್ಟ್ ವಿಂಡ್ಸರ್‌ನಲ್ಲಿ ಸೋದರಮಾವನನ್ನು ಹತ್ತಿಸಿಕೊಂಡು ಪ್ರಿನ್ಸ್‌ಟನ್ ಜಂಕ್ಷನ್ ಸ್ಟೇಷನ್ನಿಗೆ ಹೋದೆ. ಮಾವನಿಗೆ ಎಪ್ಪತ್ತಾರು. ಎರಡು ವರ್ಷದಿಂದ ಅವರ ದೃಷ್ಟಿಯ ನಡುಭಾಗ ಅಳಿಸಿಹೋಗಿದೆ, ಅಂಚು ಮಾತ್ರ ಉಳಿದಿದೆ. ಬೇಸ್‌ಬಾಲ್‌ನಲ್ಲಿ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಒಂದು ಹಿಟ್; ಅವರ ನೆಚ್ಚಿನ ಆಟಗಾರನಿಗೆ ಎರಡು ಸಾವಿರ ಹಿಟ್ ಮುಟ್ಟಲು ಇನ್ನು ಒಂದೇ ಬೇಕಿತ್ತು. ಹದಿನೈದು ವರ್ಷದಿಂದ ಮಾವ ಅವನನ್ನು ಗುಂಡಣ್ಣ ಎಂದೇ ಕರೆಯುವುದು. ಅವನು ಆಡಲು ಬಂದ ವರ್ಷವೇ ನಾನೂ ಈ ದೇಶಕ್ಕೆ ಬಂದವಳು. ಮಾವನ ಸೋಫಾದ ಮೇಲೆ ಕೂತು ನನಗೂ ಆ ಹುಚ್ಚು ಹತ್ತಿತು. ಅವರ ಪರವಾಗಿ ನೋಡಿ, ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುವುದು ಅಂದಿನ ನನ್ನ ಕೆಲಸ.

“ರೇಡಿಯೋ ಕಿವಿಗೆ ಹಾಕ್ಕೊಳ್ಳಿ ಮಾವ, ನನಗಿಂತ ಚೆನ್ನಾಗಿ ಹೇಳ್ತಾರೆ” ಎಂದೆ.

“ರೇಡಿಯೋ ಲೇಟು ಕಣೇ. ಜನ ಕೂಗಿ ಮುಗಿಸಿದ ಮೇಲೆ ಅವರು ಹಿಟ್ ಅಂತಾರೆ. ತಂಗಳು ಬೇಡ ನಂಗೆ. ನೀನು ಹೇಳು, ನಾನು ನೋಡ್ತೀನಿ.”

ಹಿರಿಯರೆಂದು ಮಾವನಿಗೆ ಅರ್ಧ ಟಿಕೆಟ್. ದಾರಿಯಲ್ಲಿ ಸೀಕಾಕಸ್ ಹತ್ತಿರ ಜೌಗಿನ ಮೇಲೆ ಮಂಜು ಕೂತಿತ್ತು. ಗೋದಾಮುಗಳ ಚಾವಣಿಗಳು ಬುಡವಿಲ್ಲದೆ ತೇಲುತ್ತಿದ್ದವು. ಅಲ್ಲಿ ರೈಲು ನಿಂತಿತು. ಹತ್ತು ನಿಮಿಷ ಒಂದು ಪ್ರಕಟಣೆಯೂ ಇಲ್ಲ. ಆಟಕ್ಕೆ ಹೊರಟಿದ್ದವರೆಲ್ಲ ಏಕೋ ಒಟ್ಟಿಗೆ ಮಾತು ನಿಲ್ಲಿಸಿದರು.

“ಹೊರಗೆ ಏನಿದೆ?” ಎಂದರು ಮಾವ.

“ಏನೂ ಇಲ್ಲ, ಬರೀ ಬಿಳುಪು.”

“ಹಾಗಾದ್ರೆ ಈಗ ನಾವಿಬ್ಬರೂ ಸಮ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮ್ಯಾನ್‌ಹಟನ್‌ನಲ್ಲಿ ಸಬ್‌ವೇ ಹಿಡಿದು ಅರ್ಧ ಗಂಟೆಯಲ್ಲಿ ಆಟ ನಡೆಯುವ ಬ್ರಾಂಕ್ಸ್ ಸೇರಿದೆವು. ಮಧ್ಯಾಹ್ನ ಒಂದು ಗಂಟೆಗೇ ಮೈದಾನದ ದೀಪಗಳನ್ನು ಹೊತ್ತಿಸಿದ್ದರು. ಬೆಳಕು ಮಂಜಿನಲ್ಲೇ ತಂಗಿತ್ತು. ಕೆಳಗೆ ಓಡಾಡುತ್ತಿದ್ದ ಯಾರಿಗೂ ನೆರಳಿರಲಿಲ್ಲ. ನಮ್ಮ ಸೀಟು ತೀರ ಮೇಲೆ, ಸಾಲಿನ ತುದಿಯಲ್ಲಿ: ಮಾವನ ಬಲಕ್ಕೆ ನಾನು, ಎಡಕ್ಕೆ ಮೆಟ್ಟಿಲು.

ಅತ್ತೆ ಕಟ್ಟಿಕೊಟ್ಟಿದ್ದ ಮೆಂತ್ಯದ ಚಪಾತಿ ತಿನ್ನುತ್ತಾ ವಿವರಣೆ ಶುರುಮಾಡಿದೆ. ನನಗೆ ಬರುವುದು ಕ್ರಿಕೆಟ್ಟಿನ ಕನ್ನಡ.

“ಬೌಲರ್ ಕೈ ಎತ್ತಿದ…”

“ಪಿಚರ್ ಅನ್ನೇ. ಬೌಲರ್ ಅಂದ್ರೆ ಅವನು ದೂರದಿಂದ ಓಡಿಬರೋದು ಕಾಣ್ಸತ್ತೆ ನಂಗೆ.”

ಐದು ನಿಮಿಷ ಸರಿಯಾಗಿ ಹೇಳಿ ಮತ್ತೆ ಬೌಲರ್‌ಗೆ ಜಾರುತ್ತಿದ್ದೆ.

ಗುಂಡಣ್ಣ ಎರಡು ಸಲ ಔಟಾದ. ಏಳನೆಯ ಇನ್ನಿಂಗ್‌ನಲ್ಲಿ ಮತ್ತೆ ಬ್ಯಾಟ್ ಹಿಡಿದು ಬಂದಾಗ ಇಡೀ ಮೈದಾನ ಎದ್ದು ನಿಂತು ಮೌನವಾಯಿತು. ನಾನು ಹೇಳಬೇಕಾದ ಹೊತ್ತು ಅದೇ. ಬ್ಯಾಟಿನ ಸದ್ದು ಕೇಳಿತು, ಚೆಂಡು ಎಡಕ್ಕೆ ಹೊರಟಿತು, ಮುಂದಿನವರೆಲ್ಲ ಎಗರಿದರು. ಆಮೇಲೆ ಕಂಡದ್ದು ಬೆನ್ನುಗಳು. ಅಳುತ್ತಿದ್ದೆ, ಬಾಯಿ ತೆರೆದಿತ್ತು, ಒಂದು ಮಾತೂ ಹೊರಡಲಿಲ್ಲ. ತಿರುಗಿ ನೋಡಿದರೆ ಮಾವನ ಕೆನ್ನೆಯೂ ಒದ್ದೆ.

“ಎರಡು ಸಾವಿರ” ಎಂದರು ಮೆಲ್ಲಗೆ. ಗದ್ದಲದಿಂದ ಊಹಿಸಿದ್ದಾರೆ ಎಂದುಕೊಂಡೆ. ಅಪ್ಪಿಕೊಂಡೆ. ಅಷ್ಟು ಸಂತೋಷ ನನಗೆ ಈ ದೇಶದಲ್ಲಿ ಇನ್ನೊಮ್ಮೆ ಆದದ್ದು ನೆನಪಿಲ್ಲ.

ವಾಪಸಿನ ರೈಲಿನಲ್ಲಿ ಮಾವ ಅತ್ತೆಗೆ ಫೋನ್ ಮಾಡಿದರು. “ಚೆಂಡು ಎಡಗಡೆ ಸುಣ್ಣದ ಗೆರೆಗೆ ಬಿದ್ದು ಪುಡಿ ಎದ್ದಿತಂತೆ. ಎರಡನೇ ಬೇಸ್ ಮುಟ್ಟಿದ ಗುಂಡಣ್ಣ ಕೈ ಎತ್ತಲಿಲ್ಲವಂತೆ, ತಲೆ ತಗ್ಗಿಸಿ ಕೂತು ಶೂ ಲೇಸ್ ಬಿಗಿದನಂತೆ. ನಮ್ಮ ಪುಟ್ಟಿ ಎಷ್ಟು ಚೆನ್ನಾಗಿ ಹೇಳಿದಳು ಗೊತ್ತಾ? ಆ ಹೊತ್ತಲ್ಲಿ ಮಾತ್ರ ಒಂದು ಸಲಾನೂ ಬೌಲರ್ ಅನ್ನಲಿಲ್ಲ.”

ನನ್ನ ಫೋನಿನಲ್ಲಿ ಆ ಹೊಡೆತದ ವಿಡಿಯೋ ತುಣುಕು ಹುಡುಕಿ ನೋಡಿದೆ. ಸುಣ್ಣದ ಪುಡಿ ಎದ್ದಿತು. ಅವನು ಕೂತು ಲೇಸ್ ಬಿಗಿದ. ಎರಡನ್ನೂ ನಾನು ನೋಡುತ್ತಿದ್ದದ್ದು ಅದೇ ಮೊದಲು.

ಕೇಳಿದರೆ, ಹದಿನೈದು ವರ್ಷ ಕಾದು ಅವರು ಕಂಡದ್ದನ್ನು ನಾನೇ ಅಳಿಸಿದಂತಾಗುತ್ತದೆ. ಕೇಳದಿದ್ದರೆ, ನಾನೇ ಹೇಳಿ ಮರೆತಿದ್ದೇನೋ ಎಂಬ ಭಯ. ಪ್ರಿನ್ಸ್‌ಟನ್ ಜಂಕ್ಷನ್‌ವರೆಗೂ ತಡೆದುಕೊಂಡೆ. ಅವರ ಮನೆಯ ಮುಂದೆ ಕಾರು ನಿಲ್ಲಿಸಿದಾಗ ತಡೆಯಲಾಗಲಿಲ್ಲ, ಕೇಳಿಬಿಟ್ಟೆ. ಮಾವ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ಕೇಳಿಸಿಕೊಂಡರು. ಮುಖದ ನಗು ಇದ್ದ ಹಾಗೇ ಇತ್ತು. “ಜೋಪಾನವಾಗಿ ಹೋಗು” ಎಂದಷ್ಟೇ ಹೇಳಿ ಇಳಿದರು. ಮೂರು ವಾರವಾಯಿತು. ಫೋನ್ ಮಾಡುತ್ತಾರೆ, ಗುಂಡಣ್ಣನ ಸುದ್ದಿ ಹೇಳುತ್ತಾರೆ. ಇದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.

ನಾನು ಕೇಳಿದ್ದು ಇಷ್ಟೇ: “ಮಾವ, ನಾನು ಆಗ ಮಾತೇ ಆಡಲಿಲ್ಲ. ನಿಮಗೆ ಹೇಳಿದ್ದು ಯಾರು?”